ಗಾಜಿನ ಪೆಟ್ಟಿಗೆಯೊಳಗಿನ ಒರತೆ

ಸಂಗಣ್ಣ ನನ್ನ ಒಡಹುಟ್ಟಿದವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ತಿದ್ದುವುದು ಬೇಡ. ನನ್ನ ತವರು ಬಬಲೇಶ್ವರ, ಅವನದೂ ಬಬಲೇಶ್ವರ. ಅವರದು ವ್ಯಾಪಾರದ ಮನೆತನ, ನಮ್ಮದು ಕುರಿ ಕಾಯುವ ಮನೆತನ. ಆದರೂ ನಮ್ಮ ಕಡೆ ತವರೂರಿನ ಗಂಡಸೆಂದರೆ ಹೆಣ್ಣುಮಗಳಿಗೆ ಅಣ್ಣನೇ. ನನ್ನನ್ನು ತಿಕೋಟಾದ ರೇವಪ್ಪನಿಗೆ ಕೊಟ್ಟ ಮೂರನೆಯ ವರ್ಷ ಅಪ್ಪ, ಅವ್ವ ಇಬ್ಬರೂ ಕಾಲರಾದಲ್ಲಿ ಹೋದರು. ಒಡಹುಟ್ಟಿದವರು ಯಾರೂ ಇರಲಿಲ್ಲ. ಆ ವರ್ಷ ನಾಗರಪಂಚಮಿಗೆ ಓಣಿಯ ಸೊಸೆಯಂದಿರನ್ನೆಲ್ಲ ಅವರವರ ಅಣ್ಣಂದಿರು ಕರೆದೊಯ್ಯಲು ಬಂದರೆ, ನಾನು ಕದ ಮುಂದೆ ಮಾಡಿಕೊಂಡು ಒಳಗೆ ಕುಳಿತಿದ್ದೆ.

ಆಗ ಬಂದವನು ಸಂಗಣ್ಣ. ವಿಜಾಪುರದಲ್ಲಿ ಅವನದು ಫೋಟೋಗಳಿಗೆ ಗಾಜು, ಕಟ್ಟು ಹಾಕುವ ಅಂಗಡಿ. ಕುಬಸದ ಕಣ, ಎಳ್ಳುಂಡಿ ತಂದು ನನ್ನ ಉಡಿಯಲ್ಲಿ ಹಾಕಿ, ತವರಿಲ್ಲವೆಂದು ಅಳಬೇಡ, ನಾನಿದ್ದೇನೆ ಎಂದ. ಆ ವರ್ಷವೂ ಸೇರಿ ಒಂಬತ್ತು ವರ್ಷ ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ. ನಾನು ಅವನ ಹೆಸರು ಹೇಳಿಕೊಂಡು ಓಣಿಯಲ್ಲಿ ತಲೆ ಎತ್ತಿ ನಡೆದೆ. ಇವತ್ತು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅಥಣಿ ರಸ್ತೆಯ ಕೆಲಸ ಹಿಡಿದಿದ್ದ ಒಬ್ಬ ಕಂತ್ರಾಟದಾರ ವಿಜಾಪುರದಲ್ಲಿ ಬಂಗಲೆ ಬಾಡಿಗೆಗೆ ಹಿಡಿದಿದ್ದ. ಎಲ್ಲರೂ ಅವನಿಗೆ ಸಾಹೇಬ ಎನ್ನುತ್ತಿದ್ದರು. ಕೊಂಕಣದ ಮನುಷ್ಯ. ಅವನ ಹೆಂಡತಿಗೆ ನಮ್ಮ ಎರೆಭೂಮಿ, ಬಿಸಿಲು ನೋಡಿ ಊಟ ಸೇರದಂತಾಗಿತ್ತಂತೆ. ನಡುಮನೆಯಲ್ಲಿ ಇಡಲು ಗಾಜಿನ ಪೆಟ್ಟಿಗೆಯೊಳಗೆ ಸಣ್ಣದೊಂದು ಅಡವಿ ಮಾಡಿಕೊಡು, ಹಿಂದೆ ಕಲ್ಲಿನ ಬಂಡೆ ಇರಬೇಕು, ಅದರ ಮೇಲಿಂದ ನೀರು ಇಳಿಯುತ್ತಿರಬೇಕು ಎಂದು ಸಂಗಣ್ಣನಿಗೆ ಹೇಳಿದ್ದ. ಸಂಗಣ್ಣನಿಗೆ ಗಾಜು ಕತ್ತರಿಸಲು ಬರುತ್ತಿತ್ತು, ಮಣ್ಣಿನ ಕೆಲಸ ಬರುತ್ತಿರಲಿಲ್ಲ. ನಾನು ಮಾಡುತ್ತಿದ್ದ ಮಣ್ಣೆತ್ತುಗಳನ್ನು ಬಬಲೇಶ್ವರದಲ್ಲಿ ಅವನು ಚಿಕ್ಕಂದಿನಿಂದ ಕಂಡಿದ್ದ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಜೋಳದ ಕಣಿಕೆಯಲ್ಲಿ ಹುದುಗಿಸಿದ ಎರಡು ಮೊಳದ ಗಾಜಿನ ಪೆಟ್ಟಿಗೆಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ತಿಕೋಟಾಕ್ಕೆ ಬಂದ.

ನನ್ನ ಗಂಡ ಆಗ ಮನೆಯಲ್ಲಿರಲಿಲ್ಲ. ಪ್ರತಿವರ್ಷದಂತೆ ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೋಗಿದ್ದ, ಮಳೆ ಬೀಳುವತನಕ ಬರುವವನಲ್ಲ. ಈಯುವ ಕುರಿಗಳು, ಮರಿಗಳು, ಕಣ್ಣು ಮಂಜಾದ ಅತ್ತೆ ಮಲಕವ್ವ, ನಾನು, ಇಷ್ಟೇ ಮನೆಯಲ್ಲಿ.

ಈ ಕುರಿಮರಿಗಳು ಬೇಸಿಗೆ ದಾಟುತ್ತಿದ್ದುದು ಒಂದು ಒರತೆಯಿಂದ. ಊರ ಹೊರಗಿನ ಕಲ್ಲುನೆಲದ ಮಡ್ಡಿಯಲ್ಲಿ ಎರಡು ಬಂಡೆಗಳ ಸಂದಿಯಲ್ಲಿ ಅದು ಇತ್ತು. ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮುಳ್ಳು ಎಳೆದಿರುತ್ತಿದ್ದೆವು. ಊರ ಬಾವಿಗಳ ತಳ ಕಂಡಾಗಲೂ ಅದರಲ್ಲಿ ದಿನಕ್ಕೆ ಹದಿನೈದು ಕೊಡ ನೀರು ಸಿಗುತ್ತಿತ್ತು. ಮಡ್ಡಿ ಸರಕಾರದ ಗಾಯರಾಣ, ದನಕುರಿ ಮೇಯಲು ಬಿಟ್ಟ ನೆಲ, ನಮ್ಮ ಹೆಸರಿನಲ್ಲಿ ಒಂದು ಕಲ್ಲೂ ಇರಲಿಲ್ಲ. ಅದಕ್ಕೇ ಮೂರು ತಲೆಮಾರಿನಿಂದ ಆ ಮಾತು ಮನೆಯ ಹೊಸ್ತಿಲು ದಾಟಿರಲಿಲ್ಲ. ಕೊಟ್ಟ ಹೆಣ್ಣುಮಕ್ಕಳಿಗೂ ಹೇಳುತ್ತಿರಲಿಲ್ಲ. ಅತ್ತೆ ನನಗೆ ಅದನ್ನು ತೋರಿಸಿದ್ದು ನಾನು ಬಂದ ಐದನೆಯ ವರ್ಷ. ತೋರಿಸಿ, ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದಿದ್ದಳು.

ಪೆಟ್ಟಿಗೆಯ ಕೆಲಸ ನನಗೆ ಹುಚ್ಚು ಹಿಡಿಸಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ತಳದ ತಗಡಿನ ಮೇಲೆ ಹಳ್ಳದ ಹರಳು ಹಾಸಿದೆ. ಮಣ್ಣು ಹುಳಿಯದಿರಲೆಂದು ಅದರ ಮೇಲೆ ಇದ್ದಿಲ ಚೂರು, ಅದರ ಮೇಲೆ ಹಳೆಯ ಗೋಣಿತಟ್ಟು, ಆಮೇಲೆ ಮರಳು, ಹಳೇ ಕುರಿಹಿಕ್ಕೆ ಬೆರೆಸಿದ ಮಣ್ಣು. ಹಿಂದಿನ ಬಂಡೆಯನ್ನು ಮೊದಲು ಮಣ್ಣೆತ್ತಿನ ಮಣ್ಣಿನಿಂದಲೇ ಕಟ್ಟಿದೆ. ನೀರು ಬಿಟ್ಟ ಮೂರೇ ದಿನಕ್ಕೆ ಅದು ಕರಗಿ ರಾಡಿಯಾಯಿತು. ಆಮೇಲೆ ಸುಣ್ಣ, ಮರಳು, ಬೆಲ್ಲದ ನೀರು ಒರಳಲ್ಲಿ ಕುಟ್ಟಿ ಗಚ್ಚು ಮಾಡಿ, ಇದ್ದಿಲ ಪುಡಿ ಕಲಸಿ, ಒಡೆದ ಕಲ್ಲುಗಳ ಮೇಲೆ ಮೆತ್ತಿದೆ. ನೀರಿಗೆ ಮಾತ್ರ ಸಂಗಣ್ಣನೇ ಉಪಾಯ ಹುಡುಕಿದ. ಗುಡಿಯಲ್ಲಿ ಲಿಂಗದ ಮೇಲೆ ಧಾರೆ ಪಾತ್ರೆ ತೂಗುಹಾಕುವುದಿಲ್ಲವೇ, ಹಾಗೆಯೇ ಒಂದು ಕುಡಿಕೆಯ ತಳಕ್ಕೆ ತೂತು ಹಾಕಿ, ಬತ್ತಿ ತುರುಕಿ, ಬಂಡೆಯ ಬೆನ್ನಿಗೆ ಅಡಗಿಸಿಟ್ಟ. ನೀರು ಬಂಡೆಯ ಮೇಲೆ ಎಳೆಯಾಗಿ ಇಳಿದು ಕೆಳಗೆ ಒಂದು ಸಣ್ಣ ಮಡುವಿಗೆ ಬೀಳುತ್ತಿತ್ತು. ಹೆಚ್ಚಾದದ್ದು ತಗಡಿನ ಕೊಳವೆಯಿಂದ ಹೊರಗಿನ ಚರಿಗೆಗೆ ಹೋಗುತ್ತಿತ್ತು. ಅದನ್ನೇ ದಿನಕ್ಕೆರಡು ಸಲ ಮತ್ತೆ ಕುಡಿಕೆಗೆ ಸುರುವಿದರೆ ಆಯಿತು.

ಇನ್ನು ಹಸಿರು. ಬಿಸಿಲಿನ ಆ ನಾಡಿನಲ್ಲಿ ಪಾಚಿ, ನೆರಳಿನ ಗಿಡ ಎಲ್ಲಿಂದ ತರುವುದು? ಸಂಗಣ್ಣ ಮಮದಾಪುರದ ಕೆರೆ, ಭೂತನಾಳದ ಕೆರೆ ಎರಡನ್ನೂ ಸುತ್ತಿ ಬಂದ. ಸಿಕ್ಕಿದ್ದು ಬರೀ ಜೇಕಿನ ಹುಲ್ಲು. ಮುಖ ಸಣ್ಣ ಮಾಡಿಕೊಂಡು ಕುಳಿತ. ನಮ್ಮ ಒರತೆಯ ಬಾಯಲ್ಲಿ ಕೊತ್ತಂಬರಿ ಎಲೆಯಂಥ ಎಲೆ, ಕಪ್ಪು ಕಡ್ಡಿ ಇರುವ ಒಂದು ಗಿಡ ಬಂಡೆಗೆ ಅಂಟಿಕೊಂಡು ಬೆಳೆಯುತ್ತಿತ್ತು. ವರ್ಷವಿಡೀ ನೀರು ಜಿನುಗುವ ಕಡೆ ಬಿಟ್ಟು ಅದು ಬೇರೆಲ್ಲೂ ಬದುಕುವುದಿಲ್ಲ. ಅಣ್ಣನ ಮುಖ ನೋಡಲಾಗದೆ ನಾನು ಒಬ್ಬಳೇ ಹೋಗಿ ಒಂದು ಬುಟ್ಟಿ ಗಿಡ, ಪಾಚಿ ಕಿತ್ತು ತಂದೆ. ಎಲ್ಲಿಂದ ಎಂದು ಕೇಳಿದ, ನಾನು ಹೇಳಲಿಲ್ಲ.

ನಾಲ್ಕೇ ದಿನಕ್ಕೆ ಅವೆಲ್ಲ ಸುಟ್ಟಂತೆ ಕಪ್ಪಾದವು. ಹಸಿ ಗಚ್ಚಿನ ಸುಣ್ಣ ನೀರಿಗಿಳಿದು ಬೇರು ತಿಂದಿತ್ತು. ಗಚ್ಚನ್ನು ಇಪ್ಪತ್ತು ದಿನ ನೆನೆಸಿ, ದಿನಾ ನೀರು ಬದಲಿಸಿ, ನೀರಿನಲ್ಲಿ ಸುಣ್ಣದ ಜಾರಿಕೆ ಹೋಗುವತನಕ ಕಾಯಬೇಕಿತ್ತು. ಮನೆ ಗೋಡೆಗೆ ಸುಣ್ಣ ಬಳಿದವಳಿಗೆ ಗಿಡದ ಬೇರಿನ ಸಂಕಟ ಎಲ್ಲಿ ಗೊತ್ತಿರಬೇಕು. ಆ ಇಪ್ಪತ್ತು ದಿನವನ್ನೂ ಕಾಯ್ದೆವು. ಆಮೇಲೆ ಎರಡನೆಯ ಸಲ ಗಿಡ ತರಲು ಹೊರಟಾಗ ಸಂಗಣ್ಣ ಬುಟ್ಟಿ ಹಿಡಿದುಕೊಂಡ.

"ಈ ಸಲ ನಾನೂ ಬರ್ತೀನಿ ತಂಗೆವ್ವ. ಕಲ್ಲಿಗೆ ಅದು ಹ್ಯಾಂಗ ಹಿಡಕೊಂಡೈತಿ, ನೀರು ಹ್ಯಾಂಗ ಇಳಿತೈತಿ, ಕಣ್ಲೆ ನೋಡಿದ್ರ ಮತ್ತ ಸಾಯಂಗಿಲ್ಲ. ಅಣ್ಣನ ಮ್ಯಾಲೆ ಅಷ್ಟೂ ನಂಬಿಕಿ ಇಲ್ಲೇನು?"

ಒಂಬತ್ತು ವರ್ಷ ಅವನ ಕುಬಸ ತೊಟ್ಟವಳು ಇಲ್ಲ ಎಂದು ಹೇಗೆ ಹೇಳಲಿ? ಕರೆದುಕೊಂಡು ಹೋದೆ. ಚಪ್ಪಡಿ ಸರಿಸಿದಾಗ ಅವನು ಮಂಡಿಯೂರಿ ಒಳಗೆ ಇಣುಕಿದ. ಯಾರಿಗೂ ಹೇಳಬಾರದು, ನಿನಗೆ ತೋರಿಸಿದ್ದು ನನ್ನ ಗಂಡನಿಗೆ ಗೊತ್ತಾದರೆ ನನಗೆ ಮನೆಯಿಲ್ಲ ಎಂದೆ. ಅವನು ನೀರಿನಲ್ಲಿ ಕೈ ಅದ್ದಿ ಆಣೆ ಮಾಡಿದ. ಆ ಗಿಡಗಳು ಬದುಕಿದವು. ಬಂಡೆಯ ಮೇಲೆ ಪಾಚಿ ಹಬ್ಬಿತು, ಗಾಜಿನ ಒಳಗೆಲ್ಲ ಬೆವರು ಹನಿ ಹಿಡಿಯಿತು. ಫಾಲ್ಗುಣ ಮುಗಿಯುವ ಮೊದಲು ಪೆಟ್ಟಿಗೆ ವಿಜಾಪುರಕ್ಕೆ ಹೋಯಿತು.

ಚೈತ್ರದ ಬಿಸಿಲಿನಲ್ಲಿ ಒಂದು ದಿನ ಮರಿಗಳಿಗೆ ನೀರು ತರಲು ಮಡ್ಡಿಗೆ ಹೋದರೆ, ಮುಳ್ಳು ಅತ್ತ ಬಿದ್ದಿತ್ತು, ಚಪ್ಪಡಿ ಇತ್ತ ಬಿದ್ದಿತ್ತು. ಒಂದಿಪ್ಪತ್ತು ಜನ ಸಲಿಕೆ, ಹಾರೆ ಹಿಡಿದು ನಿಂತಿದ್ದರು. ಟೋಪಿ ಹಾಕಿದ ಸಾಹೇಬನಿಗೆ ಛತ್ರಿಯ ತುದಿಯಿಂದ ಬಂಡೆಯ ಸಂದಿ ತೋರಿಸುತ್ತಿದ್ದವನು ಸಂಗಣ್ಣ. ನನ್ನನ್ನು ಕಂಡು ಅವನು ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದ. ಆಮೇಲೆ ಅವರ ಕೂಲಿಯವರೇ ಹೇಳಿದರು. ಪೆಟ್ಟಿಗೆಯೊಳಗಿನ ಗಿಡ ನೋಡಿ ಸಾಹೇಬ, ಇದು ಬತ್ತದ ನೀರು ಇಲ್ಲದ ಕಡೆ ಬೆಳೆಯುವುದಿಲ್ಲ, ನಮ್ಮೂರಲ್ಲಿ ಕಂಡಿದ್ದೇನೆ, ಎಲ್ಲಿಂದ ತಂದೆ ಎಂದನಂತೆ. ರಸ್ತೆ ಕೆಲಸದ ಕೂಲಿಗಳಿಗೆ ನೀರಿಲ್ಲದೆ ಅವನು ಒದ್ದಾಡುತ್ತಿದ್ದ. ಸಂಗಣ್ಣನಿಗೆ, ಸಾಹೇಬ ಬಾಡಿಗೆಗೆಂದು ಕಟ್ಟಿಸುತ್ತಿದ್ದ ಹೊಸ ಚಾಳಿನ ಕಿಟಕಿಗಳಿಗೆ ಗಾಜು ಹಾಕುವ ಕೆಲಸ ಬೇಕಾಗಿತ್ತು.

ಒರತೆ ಸಾಲದೆಂದು ಬಾವಿ ಮಾಡಹೊರಟು ಮೂರು ಸಲ ಮದ್ದು ಹಾರಿಸಿದರು. ಎರಡು ದಿನ ನೀರು ಭರಭರ ಬಂತು. ಮೂರನೆಯ ದಿನ ಬಂಡೆ ಕೆಳಗೆಲ್ಲೋ ಬಿರಿದು ನೀರೆಲ್ಲ ಇಂಗಿಹೋಯಿತು. ಇನ್ನೂ ಎರಡಾಳು ಆಳ ಅಗೆದು, ಒಣ ಕಲ್ಲು ನೋಡಿ, ಸಾಮಾನು ಕಟ್ಟಿಕೊಂಡು ಹೋದರು. ಅವರಿಗೂ ಸಿಗಲಿಲ್ಲ, ನಮಗೂ ಉಳಿಯಲಿಲ್ಲ. ದೂರದ ಹಳ್ಳದಿಂದ ನಾನು ತಲೆಯ ಮೇಲೆ ಎಷ್ಟು ಹೊತ್ತರೂ ಸಾಲದೆ ಹನ್ನೊಂದು ಮರಿಗಳು ಸತ್ತವು.

ಮಳೆಯ ಜೊತೆ ರೇವಪ್ಪ ಬಂದ. ಮಡ್ಡಿಗೆ ಹೋಗಿ ನೋಡಿ ಬಂದು ಅಂಗಳದಲ್ಲಿ ನಿಂತು, "ಯಾರು ಬಾಯಿ ಬಿಟ್ಟಾರ?" ಎಂದು ಒಂದೇ ಮಾತು ಕೇಳಿದ.

ನಾನು ನೆಲ ನೋಡುತ್ತ ನಿಂತೆ. ಅಷ್ಟರಲ್ಲಿ ಅತ್ತೆ ಮೂಲೆಯಿಂದ, "ನಾನಪ್ಪ" ಎಂದಳು. ಫಾಲ್ಗುಣದಲ್ಲಿ ಅವಳಿಗೆ ಜ್ವರ ಬಂದಿತ್ತು. ಓಣಿಯ ನಾಲ್ಕು ಜನ ನೋಡಲು ಬಂದಿದ್ದಾಗ ಒರತಿ ನೀರು ತರ್ರಿ ಎಂದು ಬಡಬಡಿಸಿದ್ದಳು. ಅದೇ ಸುದ್ದಿ ಹೊರಗೆ ಹೋಗಿದೆ, ಹನ್ನೊಂದು ಮರಿ ಕೊಂದವಳು ತಾನೇ ಎಂದು ಅವಳು ನಂಬಿಬಿಟ್ಟಿದ್ದಳು. ರೇವಪ್ಪ ಅವತ್ತಿನಿಂದ ಹೆತ್ತವಳನ್ನು ಮಾತಾಡಿಸಲಿಲ್ಲ. ಅವಳು ಬಡಿಸಿದರೆ ಉಣ್ಣಲಿಲ್ಲ. ಮುದುಕಿ ಅರ್ಧ ರೊಟ್ಟಿಗೆ ಇಳಿದಳು, ಆಮೇಲೆ ಅದನ್ನೂ ಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಸಂಗಣ್ಣ ಬಂದು ರೇವಪ್ಪನ ಎದುರು, ತಪ್ಪು ತನ್ನದು ಎಂದರೆ ಸಾಕು, ಅತ್ತೆ ಉಳಿಯುತ್ತಾಳೆ ಎಂದುಕೊಂಡು ವಿಜಾಪುರಕ್ಕೆ ನಡೆದೇ ಹೋದೆ. ಅವನು ಅಂಗಡಿಯಲ್ಲಿ ಇರಲಿಲ್ಲ, ಸಾಹೇಬನ ಬಂಗಲೆಯಲ್ಲಿದ್ದ. ನಡುಮನೆಯಲ್ಲಿ ಆ ಪೆಟ್ಟಿಗೆ ಇತ್ತು. ನಾನು ಮೆತ್ತಿದ ಬಂಡೆ, ನನ್ನ ಬೆರಳಿನ ಗುರುತು, ಅದರ ಮೇಲೆ ನೀರು ಇಳಿಯುತ್ತಲೇ ಇತ್ತು. ಗಿಡ ಗಾಜು ತುಂಬಿ ಬೆಳೆದಿತ್ತು. ಸಾಹೇಬ ಯಾರು ಇವಳು ಎಂದು ಕೇಳಿದ. ಅಣ್ಣ ಎನ್ನಲು ನಾನು ಬಾಯಿ ತೆರೆದಿದ್ದೆ.

"ಮಣ್ಣು ಕಲಸಾಕ ಬಂದಿದ್ದ ಕೂಲಿಯಾಕಿ ರೀ. ಹೆಸರು ಮರ್ತೇನಿ" ಎಂದ ಸಂಗಣ್ಣ.

ಒಂಬತ್ತು ಸಲ ಉಡಿ ತುಂಬಿದವನು ಹೆಸರು ಮರೆತ. ಹೊರಗೆ ಬಂದ ಮೇಲೆ ಅವನು ಮೆಲ್ಲಗೆ ಸಮಜಾಯಿಷಿ ಹೇಳತೊಡಗಿದ. ಮಡ್ಡಿ ಸರಕಾರದ್ದಂತೆ, ಬಾವಿ ಆಗಿದ್ದರೆ ನಮಗೂ ಅನುಕೂಲವಿತ್ತಂತೆ, ಒಳ್ಳೆಯದಕ್ಕೇ ಮಾಡಿದನಂತೆ. ಅತ್ತೆಯ ಸಂಗತಿ ಹೇಳಿದೆ, ಬಾ ಎಂದು ಕೈ ಮುಗಿದೆ. ರೇವಪ್ಪ ಕೊಡಲಿ ಹಿಡಿದರೆ ತನ್ನ ಹೆಂಡತಿ ಮಕ್ಕಳ ಗತಿ ಏನು ಎಂದು ಒಳಗೆ ಹೋದ. ತೋಳಕ್ಕೆ ಕುರಿ ಕಾಯಲು ಹಚ್ಚಿದವಳು ನಾನು, ಯಾರನ್ನು ಬೈಯಲಿ?

ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ. ಮನೆಗೆ ಬಂದವಳೇ ಅತ್ತೆಯ ಪಾದ ಹಿಡಿದು ಇದ್ದದ್ದು ಇದ್ದಂತೆ ಹೇಳಿದೆ. ನಿನ್ನ ಬಾಯಿ ಅಲ್ಲ, ನನ್ನ ಬಾಯಿ. ಈಗಲೇ ನಿನ್ನ ಮಗನಿಗೆ ಹೇಳುತ್ತೇನೆ ಎಂದೆ. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಕೈ ತಡವರಿಸಿ ನನ್ನ ತಲೆ ಹುಡುಕಿದಳು.

"ಅವನ ಮುಂದ ಅನ್ನಬ್ಯಾಡ. ಅವ ನಿನ್ನ ಇಟಗೊಳ್ಳಂಗಿಲ್ಲ, ಹೋಗಾಕ ನಿನಗ ತವರಿಲ್ಲ. ನಾನ ಅಂದೇನಂತ ಇರಲಿ. ನಾ ಹೋಗಾಕಿ, ನೀ ಬಾಳೇವು ಮಾಡಾಕಿ."

ಇಲ್ಲ ಅತ್ತೆ ಎನ್ನಬೇಕಿತ್ತು. ಹೂಂ ಎಂದೆ.

ಆಷಾಢದಲ್ಲಿ ಮಲಕವ್ವ ಸತ್ತಳು. ಕೊನೆಯಲ್ಲಿ ಬಾಯಿಗೆ ನೀರು ಬಿಡು ಎಂದು ಹಿರಿಯರು ಕರೆದರೂ ರೇವಪ್ಪ ಹೊಸ್ತಿಲಾಚೆ ಮುಖ ತಿರುಗಿಸಿ ನಿಂತ. ಅವಳ ಕಣ್ಣು ಕಾಣದಿದ್ದರೂ ಮಗ ಎಲ್ಲಿದ್ದಾನೆಂದು ಗೊತ್ತಿತ್ತು, ಮುಖ ಅತ್ತಲೇ ಇತ್ತು. ಒಂದು ಮಾತು, ಒಂದೇ ಒಂದು ಮಾತು ನಾನು ಆಡಿದ್ದರೆ ಅವನು ಒಳಗೆ ಬರುತ್ತಿದ್ದ. ಆಡಲಿಲ್ಲ. ಚಮಚೆಯಲ್ಲಿ ನೀರು ತೆಗೆದುಕೊಂಡು ನಾನೇ ಅವಳ ಬಾಯಿಗೆ ಬಿಟ್ಟೆ, ಅದು ಗಲ್ಲದ ಮೇಲೆ ಇಳಿದುಹೋಯಿತು. ಸಾಹೇಬನ ಎದುರು ಸಂಗಣ್ಣ ನಾನು ಯಾರೋ ಏನೋ ಎಂದಿದ್ದ. ಅತ್ತೆ ಹೋದ ದಿನ ಗೊತ್ತಾಯಿತು, ನಾನು ಅವನ ತಂಗಿಯೇ.