ಡ್ವೇನ್ ಕೋಪೆಕ್‌ನ ನಾಲ್ಕನೇ ಅವಕಾಶ

“ಎತ್ರೋ, ಎತ್ರೋ! ಎಲ್ಲಾ ಭಾರ ನನ್ ಕಡೆಗೇ ವಾಲ್ತಿದೆ!”

ಚರ್ಚಿನ ಮೆಟ್ಟಿಲ ನಡುವೆ ಶವಪೆಟ್ಟಿಗೆ ಹಿಡಿದ ಆರು ಮುದುಕರು ನಿಂತುಬಿಟ್ಟಿದ್ದರು. ಕೂಗಿದವನು ಬಡ್ ನೋವಾಕ್. ಒಂದು ಕಾಲಕ್ಕೆ ಎದುರಾಳಿಗಳನ್ನು ಎದೆಯಲ್ಲೇ ತಡೆದು ನಿಲ್ಲಿಸುತ್ತಿದ್ದ ದೈತ್ಯ, ಈಗ ಎರಡು ಮಂಡಿಗೂ ಆಪರೇಷನ್ ಆಗಿದೆ. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಡ್ವೇನ್ ಕೋಪೆಕ್‌ನ ಮುಂದೆ ಗೋಡೆ ಕಟ್ಟಿ ನಿಲ್ಲುತ್ತಿದ್ದ ಐವರೂ ಇವತ್ತು ಅವನನ್ನು ಹೊರಲು ಬಂದಿದ್ದರು. ಆರನೆಯವನು ವೆಂಡೆಲ್ ಲುಂಡ್. ಆಗ ಡ್ವೇನ್‌ನ ಹಿಂದೆ ಕಾದು ಕೂತಿರುತ್ತಿದ್ದ ಎರಡನೇ ಕ್ವಾರ್ಟರ್‌ಬ್ಯಾಕ್. ಆಮೇಲೆ ಮೂವತ್ತು ವರ್ಷ ಊರ ಹೈಸ್ಕೂಲಿನ ಕೋಚ್. ಡೋರ್ನಿಕ್ ಊರಲ್ಲಿ ಅವನ ಹೆಸರು ಹಿಡಿದು ಕರೆಯುವವರೇ ಕಡಿಮೆ. ಎಲ್ಲರಿಗೂ ಅವನು ಕೋಚ್.

“ಬಾಯ್ಮುಚ್ಕೊಂಡು ಇಳಿಯೋ ಬಡ್,” ಎಂದು ಹಿಂದಿನವನೊಬ್ಬ ಗದರಿದ. “ಇನ್ನೆಷ್ಟು ಮೆಟ್ಟಿಲಿದೆ?”

“ಇದು ಮೂರನೇದೋ ನಾಲ್ಕನೇದೋ... ಡ್ವೇನನ್ನೇ ಕೇಳ್ರಪ್ಪಾ, ಅವನಿಗೇ ಚೆನ್ನಾಗ್ ಗೊತ್ತು!”

ಐದು ಜನರೂ ಮೂಗಿನಲ್ಲೇ ನಕ್ಕರು. ಪೆಟ್ಟಿಗೆ ಅಲುಗಾಡಿತು. ವೆಂಡೆಲ್‌ನ ತುಟಿಯೂ ತಾನಾಗಿಯೇ ಹಿಗ್ಗಿತು. ನಲವತ್ತು ವರ್ಷದ ಅಭ್ಯಾಸ ಅದು, ಹೆಣ ಹೊತ್ತಿದ್ದರೂ ಬಿಡಲಿಲ್ಲ. ಕೆಳಗೆ ಡ್ವೇನ್‌ನ ಹೆಂಡತಿ ಆರ್ಲೀನ್ ನಿಂತು ನೋಡುತ್ತಿದ್ದಳು. ಅವಳ ಕಣ್ಣು ಬೇರೆ ಯಾರ ಮೇಲೂ ಇರಲಿಲ್ಲ, ವೆಂಡೆಲ್‌ನ ತುಟಿಯ ಮೇಲೇ ಇತ್ತು. ಅವನು ಮುಖ ಕೆಳಗೆ ಹಾಕಿಕೊಂಡು ಉಳಿದ ಮೆಟ್ಟಿಲು ಇಳಿದ.

ಸ್ಮಶಾನದಲ್ಲಿ ಗಾಳಿ ಎಷ್ಟಿತ್ತೆಂದರೆ ಪಾದ್ರಿಗಳು ಹೇಳಿದ್ದು ಅರ್ಧಕ್ಕರ್ಧ ಜೋಳದ ಹೊಲಗಳ ಪಾಲಾಯಿತು. ಎಲ್ಲ ಮುಗಿದು ಜನ ಕಾರುಗಳ ಕಡೆ ಹೊರಟಾಗ ಡ್ವೇನ್‌ನ ಮಗಳು ಕ್ರಿಸ್ಟಾ ಬಂದು ವೆಂಡೆಲ್‌ನ ತೋಳು ಹಿಡಿದುಕೊಂಡಳು.

“ಕೋಚ್ ಅಂಕಲ್, ಊಟದ ಹೊತ್ತಲ್ಲಿ ನೀವು ನಾಲ್ಕು ಮಾತಾಡ್ಬೇಕು.”

“ನಾನಾ? ಬಡ್ ಮಾತಾಡ್ತಾನಲ್ಲಮ್ಮಾ.”

“ಬಡ್ ಅಂಕಲ್ ಮಾತಾಡಿದ್ರೆ ಏನ್ ಹೇಳ್ತಾರೆ ಅಂತ ನಂಗೊತ್ತಿಲ್ವಾ? ಪೇಪರ್‌ನವರೂ ಅದನ್ನೇ ಬರೆದಿದಾರೆ. ಅಪ್ಪ ಸತ್ತ ಸುದ್ದಿ, ಅದರ ಮೊದಲನೇ ಸಾಲೇ ‘ನಾಲ್ಕನೇ ಅವಕಾಶದಲ್ಲಿ ಚೆಂಡು ಹೊರಗೆಸೆದ ಆಟಗಾರ’ ಅಂತ. ಮೂವತ್ತೈದು ವರ್ಷ ಈ ಊರಿನ ಮನೆಮನೆಗೂ ಗ್ಯಾಸ್ ತಂದು ಹಾಕಿದಾರೆ ಅಪ್ಪ. ಹಿಮ ಬಿದ್ದು ರಸ್ತೆ ಮುಚ್ಚಿದ್ದಾಗ್ಲೂ ತಂದು ಹಾಕಿದಾರೆ. ಅದನ್ ಯಾರೂ ಬರೀಲಿಲ್ಲ. ಸ್ಕೂಲಲ್ಲಿ ನನ್ನ ಏನಂತ ಕರೀತಿದ್ರು ಗೊತ್ತಾ? ‘ನಾಲ್ಕು’ ಅಂತ. ಅಪ್ಪ ನನ್ನ ಬಿಡಕ್ಕೆ ಬಂದ್ರೆ ಒಂದು ಬೀದಿ ಹಿಂದೇನೇ ಇಳ್ಕೋತಿದ್ದೆ ಅಂಕಲ್. ಅಪ್ಪನಿಗೆ ಯಾಕೆ ಅಂತ ಗೊತ್ತಿತ್ತು. ಏನೂ ಕೇಳ್ದೆ ಅಲ್ಲೇ ಗಾಡಿ ನಿಲ್ಲಿಸ್ತಿದ್ರು. ಇವತ್ತೊಂದಿನ ಆ ಮಾತು ಬರಬಾರದು. ಆಗತ್ತಾ?”

“ಆಗತ್ತೆ,” ಎಂದ ವೆಂಡೆಲ್.

ಕಾರಿನಲ್ಲಿ ಕೂತ ಮೇಲೆ ಕೀಲಿ ತಿರುಗಿಸಲು ಅವನಿಗೆ ಕೈ ಬರಲಿಲ್ಲ. ಇವತ್ತು ಹೇಳಲೇಬೇಕು. ಇವತ್ತೂ ಹೇಳದಿದ್ದರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡ. ಇದೇ ಮಾತನ್ನು ಹಿಂದೆಯೂ ಎಷ್ಟೋ ಸಲ ಅಂದುಕೊಂಡಿದ್ದ, ಅದು ಬೇರೆ ವಿಚಾರ.

*

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ನವೆಂಬರ್. ಆಗ ಡ್ವೇನ್ ಎಂದರೆ ಊರಿಗೆ ಊರೇ ಪ್ರಾಣ ಬಿಡುತ್ತಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿಗಳೇ ಬಂದು ಅವನ ಭುಜದ ನೋವು ವಿಚಾರಿಸುತ್ತಿದ್ದರು. ದೊಡ್ಡ ತಂಡಗಳ ಜನ ಅವನ ಎಸೆತ ನೋಡಲು ದೂರದ ನಗರಗಳಿಂದ ಬಂದು ಹೋಗುತ್ತಿದ್ದರು. ವೆಂಡೆಲ್‌ನದು ಮೈದಾನದ ಅಂಚಿನ ಗೆರೆಯ ಪಕ್ಕ ನಿಂತು ಸನ್ನೆ ಮಾಡುವ ಕೆಲಸ. ಆಗಿನ ಕೋಚ್ ಹೇಳಿದ್ದನ್ನು ಕೈಸನ್ನೆಯಲ್ಲಿ ತೋರಿಸುವುದು, ಇದು ಎಷ್ಟನೇ ಅವಕಾಶ ಎಂದು ಬೆರಳೆತ್ತಿ ಹೇಳುವುದು. ಎರಡು ವರ್ಷ ಅವನ ಅಂಗಿಗೆ ಹುಲ್ಲಿನ ಕಲೆ ಆಗಿರಲಿಲ್ಲ.

ಅದು ಆ ಋತುವಿನ ಕೊನೆಯ ಆಟ. ಎರಡು ಅಂಕ ಹಿಂದಿದ್ದರು, ಅರ್ಧ ನಿಮಿಷ ಉಳಿದಿತ್ತು. ಗೋಲಿನ ಗೆರೆ ಎಂಟೇ ಗಜ ದೂರ. ಕಂಬಗಳ ನಡುವೆ ಒಂದು ಒದೆತ ಬಿದ್ದರೆ ಮೂರು ಅಂಕ, ಆಟ ಇವರದು. ಆದರೆ ಒದೆಯುವವನು ಮೈದಾನಕ್ಕೆ ಬರಬೇಕಾದರೆ ಓಡುವ ಗಡಿಯಾರ ನಿಲ್ಲಬೇಕು, ಗಡಿಯಾರ ನಿಲ್ಲಬೇಕಾದರೆ ಚೆಂಡನ್ನು ಬೇಕೆಂದೇ ಹೊರಗೆ ಎಸೆಯಬೇಕು. ಹಾಗೆ ಎಸೆದರೆ ಒಂದು ಅವಕಾಶ ಖರ್ಚು. ಚೆಂಡನ್ನು ಮುಂದೊಯ್ಯಲು ಒಂದು ತಂಡಕ್ಕೆ ಇರುವುದೇ ನಾಲ್ಕು. ಮೂರನೆಯದರಲ್ಲಿ ಎಸೆದು ನಾಲ್ಕನೆಯದರಲ್ಲಿ ಒದೆಯಬಹುದು. ನಾಲ್ಕನೆಯದನ್ನೇ ಎಸೆದರೆ ಕತೆ ಮುಗಿಯಿತು, ಚೆಂಡು ಅವರ ಕೈಗೆ.

ಎರಡನೇ ಅವಕಾಶದಲ್ಲಿ ಡ್ವೇನ್ ತಾನೇ ಚೆಂಡು ಹಿಡಿದು ನುಗ್ಗಿದ. ಇಬ್ಬರು ಅವನ ಮೇಲೆ ಬಿದ್ದರು. ತಲೆ ನೆಲಕ್ಕೆ ಬಡಿದ ಸದ್ದು ಗೆರೆಯವರೆಗೂ ಕೇಳಿಸಿತು. ಅವನು ಏಳಲಿಲ್ಲ.

“ಲುಂಡ್! ಹೆಲ್ಮೆಟ್ ಹಾಕ್ಕೋ!” ಎಂದು ಕೋಚ್ ಕಿರುಚಿದರು.

ವೆಂಡೆಲ್ ತಲೆ ಬಗ್ಗಿಸಿ ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳತೊಡಗಿದ. ಪಟ್ಟಿ ಬಕಲಿಗೆ ಸಿಗುತ್ತಿರಲಿಲ್ಲ. ಅವನ ಮನಸ್ಸಿನಲ್ಲಿ ಆಗ ಇದ್ದದ್ದು ಒಂದೇ ಮಾತು: ಏಳದಿರಲಿ. ಸ್ವಂತ ಗೆಳೆಯ, ಒಂದೇ ಕೋಣೆಯಲ್ಲಿ ಮಲಗುವವನು, ಮಣ್ಣಲ್ಲಿ ಬಿದ್ದಿದ್ದಾನೆ, ಇವನು ‘ಏಳದಿರಲಿ ದೇವರೇ’ ಎಂದು ಬೇಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಡ್ವೇನ್ ಎದ್ದಿದ್ದ. ಎದ್ದವನೇ ಮೂರನೇ ಅವಕಾಶವನ್ನೂ ಆಡಿ ಮುಗಿಸಿದ್ದ. ಒಂದು ಗಜವೂ ಸಿಗಲಿಲ್ಲ. ವೆಂಡೆಲ್ ಅದನ್ನು ನೋಡಲೇ ಇಲ್ಲ. ತಲೆ ಎತ್ತಿದಾಗ ಡ್ವೇನ್ ತೂರಾಡುತ್ತಾ ಇವನ ಕಡೆಗೇ ನೋಡುತ್ತಿದ್ದ. ಎಷ್ಟನೇ ಅವಕಾಶವೆಂದು ತೋರಿಸುವ ಅಂಕಿಯ ಕೋಲು ಹಿಡಿದವರು ಗದ್ದಲದಲ್ಲಿ ಹಿಂದೆ ಬಿದ್ದಿದ್ದರು. ಕೋಚ್ ಒದೆಯುವವನನ್ನು ಹುಡುಕುತ್ತಾ ಆಚೆ ಓಡಿದ್ದರು.

ಎಷ್ಟನೇದು ಎಂದು ಡ್ವೇನ್ ಕೈಯಾಡಿಸಿ ಕೇಳಿದ.

ವೆಂಡೆಲ್ ಮೂರು ಬೆರಳೆತ್ತಿದ. ಆಮೇಲೆ ತೋಳು ಬೀಸಿ ತೋರಿಸಿದ, ಹೊರಗೆಸೆ.

ಡ್ವೇನ್ ಎಸೆದ. ಹನ್ನೆರಡು ಸಾವಿರ ಜನ ಒಮ್ಮೆಗೇ ಮಾತು ನಿಲ್ಲಿಸಿದರು. ಎದುರಿನ ತಂಡದವರು ಕುಣಿಯಲು ಶುರು ಮಾಡಿದಾಗಲೇ ಡ್ವೇನ್‌ಗೆ ಗೊತ್ತಾದದ್ದು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೋಚ್ ಅವನ ಕೊರಳಪಟ್ಟಿ ಹಿಡಿದರು. “ಮೂರನೇದು ಅಂತ ಯಾವನೋ ನಿಂಗೆ ಹೇಳಿದ್ದು?”

ವೆಂಡೆಲ್ ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದ. ಬಿಚ್ಚಿದ್ದನ್ನೇ ಮತ್ತೆ ಕಟ್ಟಿ ಮತ್ತೆ ಬಿಚ್ಚುತ್ತಿದ್ದ.

“ಯಾರೂ ಇಲ್ಲ ಸಾರ್,” ಎಂದ ಡ್ವೇನ್. “ನಾನೇ ಎಣಿಸೋದ್ರಲ್ಲಿ ತಪ್ಪಿದೆ.”

ಮುಂದಿನ ವರ್ಷ ಡ್ವೇನ್‌ನನ್ನು ಬೆಂಚಿನಲ್ಲಿ ಕೂರಿಸಿ ವೆಂಡೆಲ್‌ನನ್ನು ಆಡಿಸಿದರು. ದೂರದಿಂದ ಎಸೆತ ನೋಡಲು ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದರು.

*

ಡ್ವೇನ್ ಊರು ಬಿಟ್ಟು ಹೋಗಲಿಲ್ಲ. ಹೋಗಿದ್ದರೆ ವೆಂಡೆಲ್‌ಗೆ ಎಷ್ಟೋ ಹಗುರವಾಗುತ್ತಿತ್ತು. ಹೋಟೆಲಿನಲ್ಲಿ ಕಾಫಿ ಸುರಿಯುವ ಹೆಂಗಸು ಕೂಡ, “ಡ್ವೇನ್, ಇದು ಮೂರನೇ ಕಪ್ಪಾ ನಾಲ್ಕನೇದಾ?” ಎಂದು ಕೇಳುತ್ತಿದ್ದಳು. ಅವನು ಎಲ್ಲರಿಗಿಂತ ಮೊದಲು ನಗುತ್ತಿದ್ದ. ಸಾಲದ್ದಕ್ಕೆ, ಶುಕ್ರವಾರ ಸಂಜೆಯ ಹೈಸ್ಕೂಲ್ ಆಟಗಳಲ್ಲಿ ಅಂಕಿಯ ಕೋಲು ಹಿಡಿಯುವ ಕೆಲಸವನ್ನು ತಾನಾಗಿ ಕೇಳಿ ಪಡೆದ. ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿ ಮಗುಚುತ್ತಾ ಇಪ್ಪತ್ತೆರಡು ವರ್ಷ ಗೆರೆಯ ಪಕ್ಕ ನಿಂತ. ಕೋಚ್ ವೆಂಡೆಲ್ ಲುಂಡ್ ನಿಲ್ಲುತ್ತಿದ್ದದ್ದು ಅಲ್ಲಿಂದ ಹತ್ತೇ ಹೆಜ್ಜೆ ದೂರದಲ್ಲಿ.

ಆ ಕೋಚ್ ಏನು ಮಾಡುತ್ತಿದ್ದ? ಹುಡುಗರು ಅವಕಾಶ ಎಣಿಸುವುದನ್ನು ಮರೆತರೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. “ಲೋ, ಡ್ವೇನ್ ಮಾಡ್ಬೇಡ್ವೋ!”

ಮೊದಲ ಸಲ ಅದು ಬಾಯಿ ತಪ್ಪಿ ಬಂದದ್ದು. ಜನ ಬಿದ್ದು ಬಿದ್ದು ನಕ್ಕರು. ಡ್ವೇನ್ ಕೋಲನ್ನು ಎತ್ತಿ ಹಿಡಿದು, “ಮೂರು ಕಣಪ್ಪಾ, ಮೂರು! ಈ ಸಲ ಖಂಡಿತಾ ಮೂರೇ!” ಎಂದು ತಾನೂ ಕೂಗಿದ. ಬ್ಯಾಂಡಿನಲ್ಲಿ ಕೊಳಲು ಹಿಡಿದು ಕೂತಿದ್ದ ಹದಿನೈದು ವರ್ಷದ ಕ್ರಿಸ್ಟಾ ಎದ್ದು ಹೋದದ್ದನ್ನು ವೆಂಡೆಲ್ ಕಣ್ಣಾರೆ ಕಂಡ. ಮುಂದಿನ ಶುಕ್ರವಾರ ಮತ್ತೆ ಅದೇ ಮಾತು ಹೇಳಿದ. ಆಮೇಲೆ ಅದು ಊರಿನ ಹುಡುಗರ ಬಾಯಲ್ಲಿ ಗಾದೆಯೇ ಆಗಿಹೋಯಿತು. ನಾಚಿಕೆ ಎನ್ನುವುದು ಅವನಿಗೆ ಇರಲಿಲ್ಲವೆಂದಲ್ಲ. ಹೊಟ್ಟೆತುಂಬ ಇತ್ತು. ಅದು ಬಾಯಿಗೆ ಬರುವ ಹೊತ್ತಿಗೆ ನಗೆಚಾಟಿಕೆಯಾಗಿರುತ್ತಿತ್ತು.

ಅವನು ಒಂದೇ ಒಂದು ಸಮಾಧಾನ ಹಿಡಿದುಕೊಂಡು ಬದುಕಿದ. ಡ್ವೇನ್‌ಗೆ ಅವತ್ತು ತಲೆಗೆ ಪೆಟ್ಟಾಗಿತ್ತು. ಬೆರಳು ತೋರಿಸಿದ್ದು ಅವನಿಗೆ ನೆನಪಿರಲಿಕ್ಕಿಲ್ಲ. ಪಾಪ, ತಾನೇ ತಪ್ಪಿದೆನೆಂದು ನಂಬಿರಬೇಕು.

*

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿ ಮಾಂಸದ ಸ್ಯಾಂಡ್‌ವಿಚ್, ಆಲೂಗಡ್ಡೆ, ಗಸಗಸೆ ತುಂಬಿದ ಸಿಹಿ ಬನ್ನುಗಳು. ಹೆಂಗಸರು ಅಡುಗೆಮನೆಯ ಕಿಟಕಿಯಿಂದ ತಟ್ಟೆ ತಟ್ಟೆ ದಾಟಿಸುತ್ತಿದ್ದರು. ಬಡ್ ಮೈಕು ಹಿಡಿದು ಎರಡು ಸಲ ಗಂಟಲು ಸರಿ ಮಾಡಿಕೊಂಡಾಗ ಕ್ರಿಸ್ಟಾ ವೆಂಡೆಲ್ ಕಡೆ ನೋಡಿದಳು. ಅವನು ಎದ್ದು ಹೋಗಿ ಬಡ್‌ನ ಕೈಯಿಂದ ಮೈಕು ಕಿತ್ತುಕೊಂಡ.

“ನಂಗೆ ಭಾಷಣ ಬರಲ್ಲ,” ಎಂದ. “ಒಂದು ವಿಷಯ ಹೇಳಿ ಕೂತ್ಕೋತೀನಿ. ಆ ದಿನ ಡ್ವೇನ್ ತಪ್ಪು ಎಣಿಸ್ಲಿಲ್ಲ. ಎಣಿಸೋದು ನನ್ ಕೆಲ್ಸ. ನಾನು ತಲೆ ಬಗ್ಗಿಸಿ ಹೆಲ್ಮೆಟ್ ಕಟ್ಕೋತಿದ್ದೆ. ಅವನು ಬಿದ್ದಿದ್ದ, ನಾನು ಆಡೋಕೆ ಹೋಗ್ಬೋದು ಅಂತ ಆಸೆ ಪಡ್ತಿದ್ದೆ. ಮೂರನೇದನ್ನ ನಾನು ನೋಡ್ಲೇ ಇಲ್ಲ. ಅವನು ನನ್ನ ಕೇಳಿದ. ನಾನು ಮೂರು ಅಂತ ಬೆರಳು ತೋರ್ಸಿದೆ. ಹೊರಗೆಸೆ ಅಂತ ಹೇಳಿದ್ದೂ ನಾನೇ. ಕೋಚ್ ಕೇಳ್ದಾಗ ಅವನು ನನ್ ಹೆಸ್ರು ಹೇಳ್ಲಿಲ್ಲ. ನಾನೂ ಬಾಯ್ ಬಿಡ್ಲಿಲ್ಲ. ನಲವತ್ತು ವರ್ಷ ಬಾಯ್ ಬಿಡ್ಲಿಲ್ಲ. ನೀವೆಲ್ಲ ಅವನನ್ನ ನೋಡಿ ನಕ್ಕಿದ್ದು ನನ್ ತಪ್ಪಿಗೆ.”

ಅಡುಗೆಮನೆಯಲ್ಲಿ ಯಾರೋ ನಲ್ಲಿ ನಿಲ್ಲಿಸಿದರು. ವೆಂಡೆಲ್ ಕಾದ. ಯಾರಾದರೂ ಬಂದು ಕೆನ್ನೆಗೆ ಬಾರಿಸಲಿ, ಥೂ ಎಂದು ಉಗಿಯಲಿ ಎಂದು ಮನಸಾರೆ ಕಾದ.

ಬಡ್ ನೋವಾಕ್ ಮಂಡಿ ಹಿಡಿದುಕೊಂಡು ಎದ್ದ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

“ಇದಪ್ಪಾ ಸ್ನೇಹ ಅಂದ್ರೆ!” ಎಂದ. “ಸತ್ತೋನ ಮಾನ ಉಳಿಸೋಕೆ ತನ್ನ ಮುಖಕ್ಕೇ ಮಸಿ ಬಳ್ಕೊಳೋನು! ಇಂಥಾ ಗಂಡಸನ್ನ ನೋಡಿದೀರೇನ್ರೋ ಎಲ್ಲಾದ್ರೂ?”

“ಇಲ್ಲ ಬಡ್, ನಾನು ನಿಜ...”

“ಗೊತ್ತು ಬಿಡಪ್ಪಾ, ಗೊತ್ತು,” ಎಂದು ಬಡ್ ಕಣ್ಣು ಮಿಟುಕಿಸಿದ. “ಇನ್ಮೇಲೆ ಇದೇ ನಿಜ. ಎಲ್ಲಾರೂ ಕೇಳಿಸ್ಕೊಂಡ್ರಾ? ಇದೇ ನಿಜ!”

ಚಪ್ಪಾಳೆ ಶುರುವಾಯಿತು. ಕುರ್ಚಿಗಳು ಸರಿದವು. ಜನ ಎದ್ದು ನಿಂತು ತಟ್ಟಿದರು. ಪಾದ್ರಿಗಳೂ ತಟ್ಟಿದರು. ಕ್ರಿಸ್ಟಾ ಓಡಿ ಬಂದು ಅವನನ್ನು ಅಪ್ಪಿಕೊಂಡು ಭುಜದ ಮೇಲೆ ಮುಖವಿಟ್ಟು ಅತ್ತಳು.

“ಅಪ್ಪನಿಗೋಸ್ಕರ ಇಷ್ಟು ದೊಡ್ಡ ಸುಳ್ಳು ಹೇಳಿದ್ರಲ್ಲ ಅಂಕಲ್. ಸಾಯೋವರ್ಗೂ ಮರೆಯಲ್ಲ.”

ಸುಳ್ಳಲ್ಲ ಎನ್ನಬೇಕಿತ್ತು. ಮೂರು ಅಕ್ಷರಕ್ಕಿಂತ ಜಾಸ್ತಿ ಮಾತಲ್ಲ. ವೆಂಡೆಲ್ ಬಾಯಿ ತೆರೆದ. ಸುತ್ತ ಅಷ್ಟು ಜನ ಅವನನ್ನೇ ನೋಡುತ್ತಿದ್ದರು, ಅಷ್ಟು ಪ್ರೀತಿಯಿಂದ ಅವನನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

“ನನ್ ಜಾಗದಲ್ಲಿ ಅವನಿದ್ದಿದ್ರೆ ಅವನೂ ಇದನ್ನೇ ಮಾಡ್ತಿದ್ದ ಕಣಮ್ಮಾ,” ಎಂದ.

ಕ್ರಿಸ್ಟಾಳ ತಲೆಯ ಮೇಲಿನಿಂದ ನೋಡಿದರೆ ಎದುರಿಗೆ ಆರ್ಲೀನ್ ನಿಂತಿದ್ದಳು. ಅವಳೊಬ್ಬಳು ಚಪ್ಪಾಳೆ ತಟ್ಟಿರಲಿಲ್ಲ. ಮಗಳು ಅತ್ತ ಸರಿದು ಮೂಗು ಒರೆಸಿಕೊಳ್ಳಲು ಹೋದಾಗ ಹತ್ತಿರ ಬಂದಳು. ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡಿದಳು.

“ಡ್ವೇನ್ ಯಾವಾಗ್ಲೂ ಹೇಳೋರು, ‘ವೆಂಡೆಲ್ ಒಂದಿನ ತಾನಾಗೇ ಹೇಳ್ತಾನೆ ನೋಡ್ತಿರು, ನಾವಾಗಿ ಬಾಯ್ ಬಿಡೋದ್ ಬೇಡ’ ಅಂತ. ನಾನು ಹೇಳ್ತಿದ್ದೆ, ನೀವು ಬದುಕಿರೋವರ್ಗೂ ಅವನು ಹೇಳಲ್ಲ ಅಂತ.”

“ಅವನಿಗೆ... ನೆನಪಿತ್ತಾ?”

“ಮೂರು ಬೆರಳು. ಆಮೇಲೆ ತೋಳು ಬೀಸಿದ್ದು. ಮದುವೆಯಾದ ವಾರವೇ ನಂಗ್ ಹೇಳಿದ್ರು.”

“ಆರ್ಲೀನ್, ನಾನು ಈಗ್ಲೇ ಮತ್ತೆ ಹೋಗಿ ಎಲ್ರಿಗೂ...”

“ಎರಡ್ನೇ ಸಲ ಹೇಳಿದ್ರೆ ಇನ್ನೂ ಜೋರಾಗಿ ಚಪ್ಪಾಳೆ ತಟ್ತಾರೆ,” ಎಂದಳು. “ನನ್ ಮಗಳು ಇವತ್ತೊಂದಿನ ತಲೆಯೆತ್ತಿ ಕೂತಿದಾಳೆ. ಸುಳ್ಳು ಅಂತ ತಿಳ್ಕೊಂಡಾದ್ರೂ ಕೂತಿದಾಳೆ. ಸುಮ್ನಿರು.”

ಅವಳು ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

“ಕೋಚ್‌ಗೆ ಜಾಗ ಬಿಡ್ರೋ!” ಎಂದು ಬಡ್ ಕೂಗಿದ. ನಾಲ್ಕು ಕೈಗಳು ವೆಂಡೆಲ್‌ನನ್ನು ಭುಜ ಹಿಡಿದು ಮನೆಯವರ ಮೇಜಿಗೆ ನಡೆಸಿಕೊಂಡು ಹೋದವು. ಅಲ್ಲಿ ಖಾಲಿಯಿದ್ದದ್ದು ಆರ್ಲೀನಳ ಕುರ್ಚಿ ಒಂದೇ. ಅದರಲ್ಲೇ ಕೂರಿಸಿದರು. ಯಾರೋ ಅವನ ಮುಂದೆ ತುಂಬಿದ ತಟ್ಟೆ ಇಟ್ಟರು, ಇನ್ಯಾರೋ ಅದರ ಮೇಲೊಂದು ಸಿಹಿ ಬನ್ನು ಇಟ್ಟರು, ಕ್ರಿಸ್ಟಾ ಅವನ ಲೋಟಕ್ಕೆ ಕಾಫಿ ಸುರಿದಳು. ಅಡುಗೆಮನೆಯ ಕಿಟಕಿಯಾಚೆ ಆರ್ಲೀನ್ ಇವರೆಲ್ಲರಿಗೂ ಬೆನ್ನು ಮಾಡಿ, ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತುಕೊಂಡೇ ಊಟ ಮಾಡುತ್ತಿದ್ದಳು.

“ತಿನ್ನಿ ಕೋಚ್, ಆರೋಗತ್ತೆ,” ಎಂದರು ಪಕ್ಕದವರು.

ವೆಂಡೆಲ್ ತಿನ್ನತೊಡಗಿದ.