ಸೊನೆಯಿಲ್ಲದ ಹಣ್ಣು

ಗಂಡ ಏಳುವ ಮೊದಲೇ ಹಿತ್ತಲಿನ ಕಾಟು ಮಾವಿನ ಮರದಡಿ ಆ ಕಾಡುಹಣ್ಣು ಒಂದೂ ಉಳಿಯಬಾರದು. 2013ರ ಬೇಸಿಗೆಯಲ್ಲಿ ಸರಸ ತನಗೆ ತಾನೇ ಹಾಕಿಕೊಂಡ ಕಟ್ಟಳೆ ಇದು. ಬೆಳಕು ಹರಿಯುವ ಮುಂಚೆ ಹೋಗಿ, ರಾತ್ರಿ ಬಿದ್ದದ್ದನ್ನೆಲ್ಲ ಸೆರಗಿಗೆ ಹಾಕಿಕೊಂಡು, ಬೇಲಿಯಾಚೆ ಪಕ್ಕದ ಮನೆಯ ನಾಗುವಿನ ಪಾತ್ರೆಗೆ ಸುರಿದು ಬರುತ್ತಿದ್ದಳು.

ಗಂಡ ಗುಡ್ಡನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಇಪ್ಪತ್ತೆಂಟು ವರ್ಷ ಬೋಟಿನಲ್ಲಿ ದುಡಿದವನು ಈಗ ಬಸ್ರೂರಿನ ಮನೆಯ ಜಗಲಿಯಲ್ಲಿ ಮಂಚ ಹಿಡಿದಿದ್ದ. ವಾರಕ್ಕೆರಡು ಸಲ ಕುಂದಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಲ್ಲಿ ಪಥ್ಯ ಹೇಳುವ ಮೇಡಂ ಮೊದಲ ದಿನವೇ ಎಚ್ಚರಿಸಿದ್ದರು: ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತೀತು. ಬಾಳೆಹಣ್ಣು ಬೇಡ, ಎಳನೀರು ಬೇಡ, ಮಾವಿನಹಣ್ಣು ಬೇಡ. ತೀರ ಆಸೆಯಾದರೆ ಸೇಬಿನ ಹೋಳು, ಇಲ್ಲವೇ ಒಂದು ಪ್ಲಮ್.

ಹೃದಯ ನಿಲ್ಲುವ ಮಾತು ಕೇಳಿದ ಮೇಲೆ ಸರಸ ಬೇರೆ ಪ್ರಶ್ನೆ ಕೇಳಲಿಲ್ಲ.

ಮೀನು ಮಾರಿ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಪ್ರೇಮಾನಂದನ ಅಂಗಡಿಯಲ್ಲಿ ನಾಲ್ಕು ಪ್ಲಮ್ ಆರಿಸುವಳು.

"ಹ್ವಾಯ್ ಸರಸಕ್ಕ, ಬಂಗ್ಡಿ ಮಾರಿ ಶಿಮ್ಲಾ ಹಣ್ಣ್ ತಿಂಬ್ಕ್ ಸುರು ಮಾಡ್ದ್ಯಾ?"

"ನಂಗಲ್ಲ ಮರಾಯಾ, ನಮ್ಮನಿ ಅವ್ರಿಗೆ. ಬೇಗ ತೂಕ ಮಾಡ್ ಕೊಡ್."

ಗುಡ್ಡ ಅದನ್ನು ತಕರಾರಿಲ್ಲದೆ ತಿನ್ನುತ್ತಿದ್ದ. ತಿಂದು, ಬೀಜವನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತಿದ್ದ.

"ಕಾಂಬುಕೆ ಚಂದ ಇತ್ತ್. ಆರೆ ಸೊನಿ ಇಲ್ಲೆ ಕಾಣ್. ತುಟಿ ಉರೀದಿದ್ ಹಣ್ಣ್ ಒಂದ್ ಹಣ್ಣಾ?"

ಮೊದಲೆಲ್ಲ ಮೇ ತಿಂಗಳು ಬಂತೆಂದರೆ ಅವನಿಗೆ ಗಂಜಿಗೆ ಬೇರೆ ಪದಾರ್ಥವೇ ಬೇಡ. ಕಾಟು ಹಣ್ಣಿನ ತೊಟ್ಟು ಮುರಿದು ಸೊನೆ ತೆಗೆದು, ಬಟ್ಟಲಿಗೆ ಹಿಂಡಿ, ಗೊರಟನ್ನು ಬಿಳಿಯಾಗುವವರೆಗೆ ಚೀಪುವವನು. ಈಗ ಹಣ್ಣು ಕಣ್ಣಿಗೆ ಬೀಳದಿದ್ದರೂ ಪರಿಮಳವನ್ನು ಸರಸ ಎಲ್ಲಿ ಬಚ್ಚಿಡಬೇಕು?

"ಹೆಣೆ ಕಳ್ಳಿ, ಇವತ್ತ್ ಎಷ್ಟ್ ಸಿಕ್ತ್?" ಎಂದು ಒಂದು ಬೆಳಿಗ್ಗೆ ಮಂಚದಿಂದಲೇ ಕೂಗಿದ. "ಒಂದ್ ಕೊಡ್. ಚೀಪಿ ಗೊರ್ಟ್ ವಾಪಾಸ್ ಕೊಡ್ತೆ."

"ಸುಮ್ನೆ ಮಲ್ಕಣಿ. ನಂಗೆ ನೀವ್ ಬೇಕ್, ನಿಮ್ಗೆ ಹಣ್ಣೇ ಬೇಕಾ?"

ಅವನು ನಕ್ಕು ಗೋಡೆಯತ್ತ ಹೊರಳಿದ. ಮತ್ತೆ ಕೇಳಲಿಲ್ಲ.

ಜೂನ್ ಕೊನೆಯಲ್ಲಿ ಆಸ್ಪತ್ರೆಗೆ ಹೊಸ ಮೇಡಂ ಬಂದಿದ್ದರು, ಚೇತನಾ ಎಂದು ಹೆಸರು. ಗುಡ್ಡ ಒಳಗೆ ಯಂತ್ರದ ಪಕ್ಕ ಮಲಗಿದ್ದಾಗ ಅವರು ಸರಸಳನ್ನು ಕೂರಿಸಿ, ಏನೇನು ಕೊಡುತ್ತೀರಿ ಎಂದು ವಿಚಾರಿಸಿದರು. ಸರಸ ಹೆಮ್ಮೆಯಿಂದಲೇ ಹೇಳಿದಳು, "ಪ್ಲಮ್ ಒಂದೇ ಮೇಡಮ್ಮ. ಮನಿ ಹಿಂದೆ ಕಾಟ್ ಮಾಯ್ನ್ ಮರ ಇತ್ತ್. ಒಂದ್ ಹಣ್ಣ್ ಮುಟ್ಟುಕ್ ಬಿಡ್ಲಿಲ್ಲ."

"ಕಾಟು ಹಣ್ಣು ಅಂದ್ರೆ ಎಷ್ಟು ದೊಡ್ಡದು?"

ಸರಸ ಹೆಬ್ಬೆರಳು, ತೋರುಬೆರಳು ಕೂಡಿಸಿ ತೋರಿಸಿದಳು. ಪ್ಲಮ್ಮಿನಷ್ಟೇ. ಅದರಲ್ಲೂ ಮುಕ್ಕಾಲು ಗೊರಟು.

ಮೇಡಂ ಪಥ್ಯದ ಪಟ್ಟಿ ತೆಗೆದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. ನೂರು ಗ್ರಾಂ ಪ್ಲಮ್ ತಿರುಳಿನಲ್ಲಿ ನೂರ ಅರವತ್ತು ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೆ, ಅಷ್ಟೇ ಮಾವಿನಲ್ಲಿ ನೂರ ಎಪ್ಪತ್ತರ ಆಸುಪಾಸು. ಸಕ್ಕರೆ ಮಾವಿನಲ್ಲಿ ತುಸು ಜಾಸ್ತಿ. ಎ, ಸಿ ಜೀವಸತ್ವಗಳೂ ಅದರಲ್ಲೇ ಜಾಸ್ತಿ. ಬೇಡ ಎನ್ನುವುದು ದೊಡ್ಡ ಮಾವಿನಹಣ್ಣಿಗೆ. ಒಂದು ತಿಂದರೆ ಎರಡು ಮೂರು ಪ್ಲಮ್ ತಿಂದ ಲೆಕ್ಕ, ಕೈಗೆ ಸಿಕ್ಕಿದರೆ ಯಾರೂ ಒಂದು ಹೋಳಿಗೆ ನಿಲ್ಲಿಸುವುದಿಲ್ಲ.

"ಕಾಟು ಹಣ್ಣನ್ನೇ ಅಳೆದ ಲೆಕ್ಕ ನನ್ನ ಹತ್ರ ಇಲ್ಲಮ್ಮ. ಆದ್ರೆ ಅಷ್ಟು ಸಣ್ಣದಾದ್ರೆ, ಪ್ಲಮ್ ಕೊಡುವ ದಿನ ಅದರ ಬದಲಿಗೆ ಒಂದು ಕೊಡಬಹುದಿತ್ತು."

ಕೊಡಬಹುದಿತ್ತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಮರ ಬರಿದಾಗಿ ವಾರ ಕಳೆದಿತ್ತು. ಕೊನೆಗೆ ಬಿದ್ದವುಗಳಲ್ಲಿ ಹುಳ.

ಆದರೂ ಸರಸ ಹುಡುಕಿದಳು. ನಾಗುವನ್ನು ಕೇಳಿದಳು, ಮಾರ್ಕೆಟ್ಟಿನಲ್ಲಿ ಕೇಳಿದಳು. ಕಡೆಗೆ ಬಸ್ಸು ಹತ್ತಿ ಯಡ್ತರೆಯ ಅಕ್ಕ ಅಮ್ಮಣ್ಣಿಯ ಮನೆಗೆ ಹೋದಳು. ಅಲ್ಲಿಯೂ ಹಣ್ಣಿರಲಿಲ್ಲ. ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಕಾಟು ಮಾವಿನಕಾಯಿ ಇತ್ತು.

"ಉಪ್ಪು ಅವ್ರಿಗೆ ವಿಷ ಅಂಬ್ರ್ ಅಕ್ಕ."

"ನೀರಗ್ ಹಾಕ್, ನೀರ್ ಬದಲ್ಸ್ತಾ ಇರ್. ಉಪ್ಪ್ ಬಿಡತ್ತ್," ಎಂದಳು ಅಮ್ಮಣ್ಣಿ.

ಸರಸ ಇಡೀ ದಿನ ನೀರು ಬದಲಿಸಿದಳು. ನಾಲಿಗೆಗೆ ಉಪ್ಪು ಹತ್ತದಾದಾಗ ಉಗುರಿನಷ್ಟು ಚೂರು ಕತ್ತರಿಸಿ ಗಂಜಿಯ ಬಟ್ಟಲಿನ ಅಂಚಿಗಿಟ್ಟಳು. ಗುಡ್ಡ ಅದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಜಗಿದ.

"ಉಪ್ಪಿಲ್ಲೆ, ಹುಳಿಲ್ಲೆ. ಹೆಸ್ರ್ ಮಾತ್ರ ಮಾಯ್ನ್ದ್," ಎಂದು ನಕ್ಕ. ಅವಳ ಮುಖ ಕಂಡು ಮತ್ತೆ ಹೇಳಿದ, "ಇರ್ಲಿ ಹೆಣೆ. ಮುಂದಿನ್ ವರ್ಷ ಒಂದ್ ಹಣ್ಣ್ ತಿಂಬ."

ಮರ ಹೂ ಬಿಡುವ ಹೊತ್ತಿಗೆ, ಜನವರಿಯಲ್ಲಿ, ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಗುಡ್ಡ ತೀರಿಕೊಂಡ.

ಮೇ ಬಂತು. ಒಂದು ಬೆಳಗಿನ ಜಾವ ಹಿತ್ತಲಲ್ಲಿ 'ದೊಪ್' ಎಂದದ್ದೇ ಸರಸ ಎದ್ದು ಓಡಿದಳು. ತರಗೆಲೆ ಕೆದಕಿ ಹಣ್ಣನ್ನು ಹುಡುಕಿ, ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಸದ್ದಾಗದಂತೆ ಹೆಜ್ಜೆ ಇಡುತ್ತ ಜಗಲಿಯ ಕಡೆ ನೋಡಿದಳು. ಮಡಚಿದ ಮಂಚ ಗೋಡೆಗೆ ಒರಗಿತ್ತು.

ಬೇಲಿಯಾಚೆ ನಾಗು ಪಾತ್ರೆ ಹಿಡಿದು ನಿಂತಿದ್ದಳು. "ಸರಸಕ್ಕ, ಹಣ್ಣ್ ಬಿತ್ತಾ?"

"ಇಲ್ಲೆ," ಎಂದಳು ಸರಸ. ಸೆರಗು ಸೊನೆಯಿಂದ ಅಂಟಾಗಿತ್ತು.