ಮೇಷ್ಟ್ರ ಪೆನ್ ಡ್ರೈವ್

ನಮ್ಮ ಮುದ್ರಣಾಲಯದಲ್ಲಿ ಮಹಡಿಯ ಮೇಲೆ ಪುಟ ಕಟ್ಟುವವರ ಕಂಪ್ಯೂಟರು ವಿಂಡೋಸ್, ಕೆಳಗೆ ಅಚ್ಚಿನವರದು ಲಿನಕ್ಸ್. ಎರಡಕ್ಕೂ ಎಣ್ಣೆ ಸೀಗೆಕಾಯಿ. ಮೇಲಿನವರ ಹೆಸರು ಕೆಳಗಿನ ಕಂಪ್ಯೂಟರಿಗೆ ಗೊತ್ತಿಲ್ಲ. ಗುರುತಿಲ್ಲದವರನ್ನು ಅದು ‘ಯಾರೂ ಅಲ್ಲ’ ಎಂದು ಬರೆದುಕೊಂಡು ಬಾಗಿಲು ಹಾಕಿಬಿಡುತ್ತದೆ. ಹಾಗಾಗಿ ಎಲ್ಲರೂ ಪೆನ್ ಡ್ರೈವ್ ಹಿಡಿದು ಮೆಟ್ಟಿಲ ಕೆಳಗಿನ ನನ್ನ ಕೋಣೆಗೆ ಬರಬೇಕಿತ್ತು. ನಾನು ಅವರ ಫೈಲುಗಳನ್ನು ಆ ಕಡೆಗೆ ದಾಟಿಸುತ್ತಿದ್ದೆ.

ಗೊಣಗಿಕೊಂಡೇ ಬರುತ್ತಿದ್ದರು, ಆದರೂ ಬರುತ್ತಿದ್ದರು. ಅಮ್ಮ ಹೋದ ಮೇಲೆ ನನ್ನ ಮನೆಯಲ್ಲಿ ಮಾತಾಡುವುದು ಟಿವಿ ಒಂದೇ.

ಒಂದು ದಿನ ಮಾಲೀಕರು, "ಈ ಓಡಾಟ ಸಾಕಮ್ಮ. ಎರಡೂ ಕಡೆಯ ಹೆಸರು ಜೋಡಿಸ್ಬಿಡು, ಅವರವರ ಫೈಲು ಅವರೇ ಕಳಿಸ್ಕೊಳ್ಲಿ" ಎಂದರು. ಅಂದರೆ ನನ್ನ ಕೋಣೆಯ ದಾರಿಯನ್ನು ನಾನೇ ಮುಚ್ಚಬೇಕು. ಮೇಲಿನ ಒಂದೊಂದು ಹೆಸರಿಗೂ ಕೆಳಗಿನ ಹೆಸರನ್ನು ಗಂಟು ಹಾಕಿದೆ. ಜನ ಬರುವುದು ನಿಂತಿತು. ಥ್ಯಾಂಕ್ಸ್ ಹೇಳುವುದಕ್ಕೂ ಒಬ್ಬರೂ ಇಣುಕಲಿಲ್ಲ, ಪುಣ್ಯಾತ್ಮರು.

ಒಬ್ಬರನ್ನು ಮಾತ್ರ ಬೇಕೆಂದೇ ಜೋಡಿಸಿರಲಿಲ್ಲ. ಕರಡು ತಿದ್ದುವ ಹಿರಿಯರು, ಎಲ್ಲರಿಗೂ ಮೇಷ್ಟ್ರು. ಬಂದವರೇ ಕುರ್ಚಿ ಎಳೆದು ಕೂತು, ಆ ದಿನ ಸಿಕ್ಕ ತಪ್ಪುಗಳನ್ನು ಹೇಳಿ ನಗಿಸುತ್ತಿದ್ದರು. ಮೂರನೇ ಅಧ್ಯಾಯದಲ್ಲಿ ಸತ್ತವನು ಐದರಲ್ಲಿ ಕಾಫಿ ಕುಡಿಯುತ್ತಿದ್ದನಂತೆ.

"ಮೇಷ್ಟ್ರು ಪಾಪ ಇನ್ನೂ ಹತ್ತಿ ಇಳಿದು ಮಾಡ್ತಿದಾರಲ್ಲ, ಮಂಡಿನೋವು ಬೇರೆ" ಎಂದು ಮಾಲೀಕರು ಗದರಿದಾಗ ನಾಚಿಕೆಯಾಯಿತು. ಆ ಮಧ್ಯಾಹ್ನವೇ ಅವರ ಹೆಸರನ್ನೂ ಜೋಡಿಸಿ, ಮೇಲೆ ಹೋಗಿ ತೋರಿಸಿಕೊಟ್ಟೆ.

"ಇನ್ಮೇಲೆ ನೀವು ಕೆಳಗೆ ಬರೋದೇ ಬೇಡ ಮೇಷ್ಟ್ರೇ."

"ಓ, ಸರಿ ಹಾಗಾದ್ರೆ" ಎಂದು ಕನ್ನಡಕ ಒರೆಸಿಕೊಂಡರು.

ಮರುದಿನವೆಲ್ಲ ನನ್ನ ಹಾಳು ಕಣ್ಣು ಬಾಗಿಲ ಮೇಲೇ ಇತ್ತು. ಕೆಳಗಿನ ಕಂಪ್ಯೂಟರಿನಲ್ಲಿ ನೋಡಿದರೆ ಅವರ ಫೈಲು ಬೆಳಿಗ್ಗೆಯೇ ಬಂದು ಕೂತಿತ್ತು, ಅವರದೇ ಹೆಸರಿನಲ್ಲಿ. ನನ್ನ ಕೆಲಸ ಚೊಕ್ಕವಾಗಿ ಆಗಿತ್ತು. ಅಳು ಬಂತು.

ಸಂಜೆಯ ಹೊತ್ತಿಗೆ ಮೆಟ್ಟಿಲ ಮೇಲೆ ತಡೆದು ತಡೆದು ಇಳಿಯುವ ಹೆಜ್ಜೆ ಕೇಳಿಸಿತು. ಮೇಷ್ಟ್ರು ಬಂದು ಪೆನ್ ಡ್ರೈವ್ ಮುಂದೆ ಹಿಡಿದರು.

"ಯಾಕೋ ಇವತ್ತು ಫೈಲು ಹೋಗ್ತಾನೇ ಇಲ್ಲಮ್ಮ. ನೀನೇ ದಾಟಿಸಿಬಿಡು."

ಹಾಕಿ ನೋಡಿದೆ. ಒಳಗೆ ಏನೂ ಇರಲಿಲ್ಲ. ಅವರು ನನ್ನ ಮುಖ ನೋಡದೆ, ಧೂಳೇ ಇಲ್ಲದ ಕುರ್ಚಿಯನ್ನು ಕರ್ಚೀಫಿನಿಂದ ಒರೆಸುತ್ತಿದ್ದರು.

"ದೊಡ್ಡ ಫೈಲು ಮೇಷ್ಟ್ರೇ" ಎಂದೆ. "ತುಂಬಾ ಹೊತ್ತು ಹಿಡಿಯತ್ತೆ. ಕೂತ್ಕೊಳ್ಳಿ."